ಜೋಡಿ ಹುಣಸೆಯ ಎದುರಿಗಿಟ್ಟ ಕಣ್ಣು

ನನ್ನ ಮರವನ್ನು ಕೊಂದವರು ಸಿಕ್ಕ ದಿನ ಏನು ಮಾಡಬೇಕೆಂದು ನಾನು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಹಗಲು ಹೊತ್ತಿನಲ್ಲಿ, ಊರಿನವರ ಮುಂದೆ, ಅವರ ಬಾಯಿಂದಲೇ ಹೇಳಿಸಬೇಕು. ಕ್ಷಮೆ ಕೇಳಿದರೆ ಕೊಡಬಾರದು. ಆಗ ನನಗೆ ಎಷ್ಟು ಸಿಟ್ಟಿತ್ತು ಎಂದು ಈಗ ನೆನಪಿನಿಂದ ಬರೆದರೆ ಅದು ಸ್ವಲ್ಪ ಹೆಚ್ಚೋ ಸ್ವಲ್ಪ ಕಡಿಮೆಯೋ ಆಗುತ್ತದೆ. ನೆನಪು ತನಗೆ ಬೇಕಾದ ಹಾಗೆ ಬೆಳಕು ಬಿಡುತ್ತದೆ. ಆದರೆ ಈ ತೀರ್ಮಾನದಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಅದನ್ನು ಕೊನೆಗೆ ನಡೆಸಿಯೇ ಬಿಟ್ಟೆ.

ಪರಿಗಿಯ ಹತ್ತಿರದ ನಮ್ಮೂರಿನಲ್ಲಿ ಅಪ್ಪನ ಹೊಲದ ಬದುವಿನ ಮೇಲೆ ಎರಡು ಹುಣಸೆಮರಗಳಿದ್ದವು. ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ದೂರದಿಂದ ಒಂದೇ ಮರದಂತೆ ಕಾಣುತ್ತಿದ್ದವು. ಜೋಡಿ ಹುಣಸೆ ಎಂದೇ ಎಲ್ಲರೂ ಕರೆಯುತ್ತಿದ್ದರು. ನಮ್ಮ ಮನೆಗಳಲ್ಲಿ ನೆಲ ಗಂಡುಮಕ್ಕಳಿಗೆ, ಮರ ಹೆಣ್ಣುಮಕ್ಕಳಿಗೆ ಎಂಬ ಪದ್ಧತಿಯಿತ್ತು. ಅಪ್ಪ ಹೋದ ಮೇಲೆ ಹೊಲ ಅಣ್ಣನದಾಯಿತು, ಆ ಎರಡು ಮರ ನನ್ನವಾದವು. ಬುಡದ ಮಣ್ಣು ಅವನದು, ಅದರ ಮೇಲೆ ನಿಂತದ್ದು ನನ್ನದು. ಹಿಂದೂಪುರದ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಹುಣಸೆಹಣ್ಣು ಮಾರಿ ಬದುಕಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಶಿವರಾತ್ರಿಯ ಹೊತ್ತಿಗೆ ಕಾಯಿ ಬಡಿಸಲು ಯಾರ ಅಪ್ಪಣೆಯನ್ನೂ ಕೇಳದೆ ಆ ಹೊಲಕ್ಕೆ ಕಾಲಿಡುತ್ತಿದ್ದೆನಲ್ಲ, ಆ ಕಾಲಿಡುವುದೇ ನನ್ನ ಪಾಲಿನ ಆಸ್ತಿಯಾಗಿತ್ತು.

ಎರಡರಲ್ಲಿ ಒಂದು ಮರ ಹೋದ ಬೇಸಿಗೆಯಲ್ಲಿ ಒಣಗಿತು. ಬುಡದಲ್ಲಿ, ನೆಲಕ್ಕೆ ಗೇಣಿನಷ್ಟು ಮೇಲೆ, ಹೆಬ್ಬೆರಳು ಹೋಗುವಷ್ಟು ದಪ್ಪದ ತೂತುಗಳಿದ್ದವು. ಒಂದರೊಳಗಿನ ಬಟ್ಟೆಯನ್ನು ಕಡ್ಡಿಯಿಂದ ಎಳೆದು ತೆಗೆದರೆ ಇಂಗಿನ ವಾಸನೆ. ಮರಕ್ಕೆ ಇಂಗಿಟ್ಟರೆ ಸಾಯುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಇಂಗಿಗೆ ಆ ಶಕ್ತಿ ಇದೆಯೆಂದು ನನಗನ್ನಿಸುವುದಿಲ್ಲ. ಆದರೆ ಅದರ ಜೊತೆಗೆ ಕಳೆ ಸಾಯಿಸುವ ಔಷಧಿಯ ಘಾಟೂ ಇತ್ತು. ನಂಬಿಕೆಯನ್ನೂ ಬಿಟ್ಟಿರಲಿಲ್ಲ, ಅಂಗಡಿಯನ್ನೂ ಬಿಟ್ಟಿರಲಿಲ್ಲ.

"ವಯಸ್ಸಾಗಿತ್ತು ಕಣಮ್ಮ ಅದ್ಕೆ," ಎಂದ ಅಣ್ಣ. "ಮನುಷ್ಯರೇ ಸಾಯ್ತಾರಂತೆ, ಮರ ಸಾಯಲ್ವಾ?"

"ಹೊಟ್ಟೆಗೆ ತೂತು ಕೊರ್ಕೊಂಡು ಸಾಯ್ತಾರಾ ಅಣ್ಣಾ?"

"ಯಾವನೋ ಹೊಟ್ಟೆಕಿಚ್ಚಿನೋನು ಮಾಡವ್ನೆ ಬುಡು. ನಾನೇನ್ ಕಾವಲು ಕೂತ್ಕಳಕ್ಕಾಯ್ತದಾ?" ಹೀಗೆ ಹೇಳುತ್ತಾ ಅವನು ಬದುವಿನಾಚೆ ನೋಡಿದ. ನನಗೆ ನೆನಪಿರುವಂತೆ ನೋಡಿದ. ಅಥವಾ ನೋಡಿದವಳು ನಾನೇ ಇರಬಹುದು.

ಬದುವಿನಾಚೆ ಹಿಪ್ಪುನೇರಳೆ ತೋಟ. ಅದರ ಯಜಮಾನರು ರೇಷ್ಮೆ ಹುಳು ಸಾಕುವವರು, ಅಪ್ಪನ ಓರಗೆಯವರು. ಕೆಸರಿನ ಕೆಲಸಕ್ಕೂ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಬಿಳಿ ಟವೆಲ್ಲು. ಹಿಂದಿನ ವರ್ಷ ಕಾಯಿ ಬಡಿಸುವಾಗ ನನ್ನನ್ನು ಕರೆದು, "ನಿನ್ ಮರದ ನೆಳ್ಳು ನನ್ ಸೊಪ್ನೆಲ್ಲ ತಿಂದಾಕ್ತೈತೆ ಕಣಮ್ಮ. ಒಂದೆರಡು ಕೊಂಬೆ ತೆಗ್ಸು," ಎಂದಿದ್ದರು. ನಾನು ತೆಗೆಸಿರಲಿಲ್ಲ. ಒಂದು ಮರ ಸತ್ತ ಮೇಲೆ ಆ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಂಡೆ. ಪ್ರತಿ ಸಲವೂ ಅದರಲ್ಲಿ ಬೆದರಿಕೆ ಸ್ವಲ್ಪ ಹೆಚ್ಚುತ್ತಿತ್ತು.

ಉಳಿದ ಮರಕ್ಕೆ ಕಾವಲು ಬೇಕಾಗಿತ್ತು. ನನ್ನ ಗಂಡನ ಊರು ಕಲ್ಯಾಣದುರ್ಗ. ಅಲ್ಲಿ ನನ್ನ ಮೈದುನ ಕ್ಯಾಮೆರಾ ಮಾರುವ, ಕೂರಿಸಿಕೊಡುವ ಅಂಗಡಿ ಇಟ್ಟಿದ್ದಾನೆ. ಕಡ್ಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತವೆ, ಗುಡ್ಡದ ಕಡೆ ಕರಡಿ ಬರುತ್ತದೆ ಎಂದು ರೈತರು ಅವನ ಬಳಿ ಬರುತ್ತಾರೆ. ಫೋನಿನಲ್ಲಿ ವಿಷಯ ಹೇಳಿದೆ.

"ಪ್ರಾಣಿ ಫೋಟೋ ಹಿಡಿಯೋ ಡಬ್ಬಿ ಕಳಿಸ್ತೀನಿ ವದಿನಾ," ಎಂದ. ಅತ್ತಿಗೆ ಎನ್ನುವುದಕ್ಕೆ ಅವನ ಬಾಯಲ್ಲಿ ತೆಲುಗಿನ ವದಿನಾ ಎಂದೇ ಬರುವುದು. "ಇದ್ರಾಗೆ ಕೆಂಪು ದೀಪನೂ ಕಾಣಲ್ಲ. ಸಿಕ್ಕಿದೋನ್ನ ಏನ್ ಮಾಡ್ತೀಯ?"

"ಸಿಗ್ಲಿ ಮೊದ್ಲು."

"ಪಾಪ, ಹಂದಿ ಆಗಿದ್ರೆ ಬಿಟ್ಬಿಡು."

ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೊಗಟೆಯ ಬಣ್ಣದ ಡಬ್ಬಿ. ಎದುರಿನ ಬೇವಿನ ಮರದ ಕವಲಿಗೆ ನಾನೇ ಬೆಲ್ಟಿನಿಂದ ಬಿಗಿದೆ. ಅಣ್ಣನಿಗೂ ಹೇಳಲಿಲ್ಲ. ಗುಟ್ಟು ಎಂದರೆ ಪೂರ್ತಿ ಗುಟ್ಟಾಗಿರಬೇಕು ಎಂದಷ್ಟೇ ಆಗ ಅಂದುಕೊಂಡಿದ್ದೆ.

ಆ ಡಬ್ಬಿ ಕೆಲಸ ಮಾಡುವ ಬಗೆಯನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಕೆಂಪಿನಾಚೆ ನಮ್ಮ ಕಣ್ಣಿಗೆ ಬೀಳದ ಬೆಳಕಿದೆ, ಇನ್‌ಫ್ರಾರೆಡ್. ಬಿಸಿಯಾದ ಮೈಯೊಂದು ಎದುರಿಗೆ ಹಾದುಹೋದರೆ ಡಬ್ಬಿಯ ಒಂದು ಪುಟ್ಟ ಸೆನ್ಸರ್ ಆ ಬಿಸಿಯ ಏರುಪೇರನ್ನು ಗುರುತಿಸಿ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಕತ್ತಲಿದ್ದರೆ ಡಬ್ಬಿಯ ಮುಖದ ತುಂಬ ಇರುವ ಸಣ್ಣ ಸಣ್ಣ ಎಲ್ಇಡಿಗಳು ಆ ಕಾಣದ ಬೆಳಕನ್ನು ಚೆಲ್ಲುತ್ತವೆ. ಅದು ಮರಕ್ಕೆ, ಮನುಷ್ಯನಿಗೆ ಬಡಿದು ಹಿಂದಿರುಗಿದಾಗ ಕ್ಯಾಮೆರಾ ಹಿಡಿದುಕೊಳ್ಳುತ್ತದೆ. ಕದಿಯಲು ಬಂದವನ ಮುಖಕ್ಕೇ ಟಾರ್ಚು ಹಿಡಿದಿದ್ದೇವೆ, ಆದರೆ ಅವನಿಗೆ ಗೊತ್ತಿಲ್ಲ. ಈ ವಾಕ್ಯವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಬೇವಿನ ಮರದ ಕೆಳಗೆ ನಿಂತು ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಾಗ ಬಾಯಲ್ಲಿ ಸಿಹಿಯಂಥದ್ದೇನೋ ಆಡಿತು.

ಭಾನುವಾರಗಳಲ್ಲಿ ಊರಿಗೆ ಹೋಗಿ ಕಾರ್ಡು ಬದಲಿಸಿಕೊಂಡು ಬರುತ್ತಿದ್ದೆ. ನಾಯಿ, ಮುಂಗುಸಿ, ಒಮ್ಮೆ ಮುಳ್ಳುಹಂದಿ. ಡಿಸೆಂಬರಿನ ಒಂದು ಸೋಮವಾರ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ಮನುಷ್ಯ ಕಂಡ.

ಬೆಳಗಿನ ಜಾವದ ದೃಶ್ಯ. ಬಿಳಿ ಪಂಚೆ, ಬಿಳಿ ಅಂಗಿ, ತಲೆಗೆ ಸುತ್ತಿದ ಬಿಳಿ ಟವೆಲ್ಲು. ಕೈಯಲ್ಲಿ ಬಡಗಿಗಳು ತಿರುಗಿಸಿ ತೂತು ಕೊರೆಯುವ ಬೈರಿಗೆ. ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನಿಧಾನವಾಗಿ ತಿರುಗಿಸುತ್ತಿದ್ದ. ಎದ್ದು ಒಮ್ಮೆ ಕ್ಯಾಮೆರಾದ ಕಡೆ ತಿರುಗಿದ. ಆದರೆ ಹತ್ತಿರವಿದ್ದದ್ದರಿಂದ ಬೆಳಕು ಹೆಚ್ಚಾಗಿ ಮುಖ ಕರಗಿಹೋಗಿತ್ತು, ಹಿಟ್ಟು ಮೆತ್ತಿದ ಹಾಗೆ. ನನಗೆ ಮುಖ ಬೇಕಾಗಿಯೇ ಇರಲಿಲ್ಲ. ಇಡೀ ಊರಿನಲ್ಲಿ ಹೊಲಕ್ಕೆ ಹಾಗೆ ಬೆಳ್ಳಗೆ ಬರುವವರು ಒಬ್ಬರೇ.

ಮಧ್ಯಾಹ್ನದ ತರಗತಿಯನ್ನು ಬಿಟ್ಟು ಪರಿಗಿಯ ಬಸ್ಸು ಹತ್ತಿದೆ. ಎರಡನೆಯ ಮರದ ತೂತುಗಳು ಇನ್ನೂ ಹಸಿಯಾಗಿದ್ದವು. ಬಟ್ಟೆಯನ್ನು ಎಳೆದು ಬಿಸಾಡಿ, ಕೊಡಗಟ್ಟಲೆ ನೀರು ಹುಯ್ದು, ಉಳಿಯಿಂದ ಸುತ್ತಲಿನ ತೊಗಟೆಯನ್ನು ಕೆತ್ತಿ ತೆಗೆದೆ. ಅಷ್ಟರಲ್ಲಿ ತೋಟದ ಯಜಮಾನರು ಬದುವಿಗೆ ಬಂದು, "ಯಾವಾಗ್ ಬಂದ್ಯಮ್ಮಾ?" ಎಂದು ಕೇಳಿದರು. ನಾನು ಅವರ ಬಿಳಿ ಅಂಗಿಯನ್ನೇ ನೋಡಿದೆ. ಆ ಅಂಗಿಯ ಮೇಲೆ ಊರಿನವರೆಲ್ಲ ಉಗುಳುವುದನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಂಡೆ. ಈಗಲೂ ಆ ಚಿತ್ರ ನಡೆದ ಘಟನೆಯಷ್ಟೇ ಸ್ಪಷ್ಟವಾಗಿದೆ. ನೆನಪಿನ ಬಗ್ಗೆ ನನಗಿರುವ ಹೆದರಿಕೆಗೆ ಇದೂ ಒಂದು ಕಾರಣ.

ಪೊಲೀಸರ ಹತ್ತಿರ ಹೋಗುವ ಮೊದಲು ಆ ಮುಖವನ್ನು ಸ್ವಲ್ಪ ಸ್ಪಷ್ಟಮಾಡಿಸೋಣವೆಂದು ಕಲ್ಯಾಣದುರ್ಗಕ್ಕೆ ಹೊರಟೆ. ಪಾವಗಡದ ಮೇಲೆ ಹೋಗುವ ಬಸ್ಸು. ದಾರಿಯುದ್ದಕ್ಕೂ ದೂರಿನ ವಾಕ್ಯಗಳನ್ನು ಜೋಡಿಸುತ್ತಿದ್ದೆ.

ಅಂಗಡಿಯಲ್ಲಿ ಒಬ್ಬ ಕಡ್ಲೆಕಾಯಿ ರೈತ ಕೂತಿದ್ದ. ಮೈದುನ ಎಷ್ಟು ಹೇಳಿದರೂ ಅವನ ಪ್ರಶ್ನೆ ಒಂದೇ: "ಪಂದುಲು ಕನಪಡ್ತಾಯಾ ಅನ್ನಾ?" ಹಂದಿಗಳು ಕಾಣುತ್ತವಾ?

"ಮೂರು ಥರ ಐತೆ, ಕೇಳಪ್ಪ," ಎಂದ ಮೈದುನ. "ಒಂದು, ಸೈನ್ಯದೋರು ಕಣ್ಣಿಗೆ ಕಟ್ಕೊಳೋದು. ನಕ್ಷತ್ರದ ಬೆಳಕು ಸಾಕು ಅದಕ್ಕೆ. ಒಂದು ಚಿಟಿಕೆ ಬೆಳಕನ್ನ ಒಂದು ಚೀಲ ಮಾಡ್ತೈತೆ. ಹೆಂಗೆ ಅಂತ ನಮ್ಮ ವದಿನನ್ನ ಕೇಳು, ಅವ್ರು ಲೆಕ್ಚರರ್ರು."

ಬಿಡಿಸಿ ಹೇಳಬೇಕಾಯಿತು. ಬೆಳಕಿನ ಕಣ ಒಂದು ತೆಳು ಪದರಕ್ಕೆ ಬಡಿದಾಗ ಎಲೆಕ್ಟ್ರಾನು ಚಿಮ್ಮುತ್ತದೆ. ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ ಅದು ಗೋಡೆಗೆ ಬಡಿಯುತ್ತಾ ಹೋಗಿ ಒಂದು ಸಾವಿರವಾಗುತ್ತದೆ. ಕೊನೆಗೆ ಹಸಿರಾಗಿ ಹೊಳೆಯುವ ತೆರೆಗೆ ಬಿದ್ದು ಚಿತ್ರವಾಗುತ್ತದೆ. ರೈತ ಗೌರವದಿಂದ ಕೇಳಿಸಿಕೊಂಡ. ಆಮೇಲೆ ಮೈದುನನ ಕಡೆ ತಿರುಗಿ, "ಹಂದಿ?" ಎಂದ.

"ಎರಡನೇದು ಥರ್ಮಲ್. ಅದಕ್ಕೆ ಬೆಳಕೇ ಬೇಡ. ಹಂದಿ ಮೈಬಿಸಿನೇ ಅದಕ್ಕೆ ದೀಪ. ಪೊದೆ ಹಿಂದೆ ಸ್ವಲ್ಪ ಮೈ ಕಂಡ್ರೂ ಸಿಕ್ತದೆ. ಕಾಡಿನ ಇಲಾಖೆಯೋರು ಚಿರತೆ ಹುಡುಕೋದು ಇದ್ರಾಗೇನೇ. ನಿನ್ ಹೊಲಕ್ಕೆ ಅಷ್ಟು ಬೇಡ. ಮೂರನೇದು ಸಾಕು, ವದಿನ ಕಟ್ಟವ್ರಲ್ಲ, ಅಂಥದ್ದು. ತೋರಿಸ್ತೀನಿ ಇರು."

ಮಧ್ಯಾಹ್ನದ ಬಿಸಿಲನ್ನು ಹೊರಗಿಟ್ಟು ಷಟರ್ ಎಳೆದ. ದೀಪ ಆರಿಸಿದ. ಕ್ಯಾಮೆರಾದೊಳಗೆ ಟಿಕ್ ಎಂದು ಸಣ್ಣ ಸದ್ದಾಯಿತು. ಹಗಲಿನಲ್ಲಿ ಇನ್‌ಫ್ರಾರೆಡ್ಡನ್ನು ತಡೆಯುವ ಗಾಜಿನ ಪರದೆ ಪಕ್ಕಕ್ಕೆ ಸರಿದ ಸದ್ದು ಅದು. ಟಿವಿಯ ತೆರೆಯ ಮೇಲೆ ನಾವು ಮೂವರೂ ಬೂದಿಯ ಬಣ್ಣದಲ್ಲಿ ಮೂಡಿದೆವು. ನಡುವೆ ಒಬ್ಬಳು ಹೆಂಗಸು, ಅಪ್ಪಟ ಬಿಳಿ ಸೀರೆಯಲ್ಲಿ ಕೂತಿದ್ದಳು.

"ವದಿನ ನರ್ಸಮ್ಮ ಆಗ್ಬುಟ್ರು!" ಎಂದು ಮೈದುನ ನಕ್ಕ. ರೈತನೂ ನಕ್ಕ.

ನಾನು ಉಟ್ಟಿದ್ದದ್ದು ಕಪ್ಪು ಸೀರೆ.

ಕಪ್ಪು ಎನ್ನುವುದು ನಮ್ಮ ಕಣ್ಣಿನ ಲೆಕ್ಕ. ಬಟ್ಟೆಯ ಬಣ್ಣ ನಮಗೆ ಕಾಣುವ ಬೆಳಕನ್ನಷ್ಟೇ ನುಂಗುತ್ತದೆ. ಇನ್‌ಫ್ರಾರೆಡ್ಡನ್ನು ಎಷ್ಟೋ ಬಣ್ಣಗಳು ನುಂಗುವುದಿಲ್ಲ, ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೆ ಗೊತ್ತಿದ್ದದ್ದು ನನ್ನ ಸಿಟ್ಟಿನವರೆಗೆ ಬಂದೇ ಇರಲಿಲ್ಲ. ಬಿಳಿ ನನಗೆ ಬೇಕಾಗಿತ್ತು, ಬಿಳಿ ಸಿಕ್ಕಿತ್ತು, ಅಲ್ಲಿಗೇ ನೋಡುವುದನ್ನು ನಿಲ್ಲಿಸಿದ್ದೆ.

ಷಟರ್ ಎತ್ತುವ ಮೊದಲೇ ನನಗೆ ಅಣ್ಣ ಕಣ್ಣಮುಂದೆ ಬಂದ. ನವೆಂಬರಿನಿಂದ ಅವನು ಅಯ್ಯಪ್ಪನ ಮಾಲೆಯಲ್ಲಿದ್ದ. ಕಪ್ಪು ಪಂಚೆ, ಕಪ್ಪು ಅಂಗಿ, ಕಪ್ಪು ಟವೆಲ್ಲು. ಬೆಳಗಿನ ಜಾವ ತಣ್ಣೀರು ಸ್ನಾನಕ್ಕೆ ಬೋರ್‌ವೆಲ್ಲಿನ ಕಡೆ ಹೋಗುವವನನ್ನು ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಅಂಗಡಿಯ ದೊಡ್ಡ ತೆರೆಯ ಮೇಲೆ ವಿಡಿಯೋ ಹಾಕಿಸಿದೆ. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಬಗ್ಗಿದಾಗ ಕೊರಳಿಂದ ಮಣಿಸರ ಜೋತುಬಿತ್ತು. ಅದನ್ನು ಎಡಗೈಯಿಂದ ಹಿಡಿದು ಜೋಪಾನವಾಗಿ ಅಂಗಿಯೊಳಗೆ ಸೇರಿಸಿ, ಆಮೇಲೆ ಬೈರಿಗೆ ತಿರುಗಿಸಿದ. ಇದೆಲ್ಲ ಮೊದಲೂ ಅಲ್ಲೇ ಇತ್ತು. ಇನ್ನೊಂದು ಮಾತೂ ಆಗ ಹೊಳೆಯಿತು. ಹುಳು ಸಾಕುವವರು ತಮ್ಮ ಸೊಪ್ಪಿನ ಪಕ್ಕದಲ್ಲಿ ಇಂಥ ಔಷಧಿಯ ಮುಚ್ಚಳ ತೆಗೆಯುವುದಿಲ್ಲ, ಅದು ತಗುಲಿದ ಸೊಪ್ಪು ತಿಂದರೆ ಹುಳು ಸಾಯುತ್ತವೆ.

"ಯಾರು ವದಿನಾ ಅದು?" ಎಂದ ಮೈದುನ.

"ಸ್ವಾಮಿ," ಎಂದೆ.

ಸಿಟ್ಟು ಇಳಿಯಬೇಕಾಗಿತ್ತಲ್ಲವೇ? ಒಡಹುಟ್ಟಿದವನು. ಇಳಿಯಲಿಲ್ಲ. ಪರರ ಮೇಲಿದ್ದಾಗ ಅದಕ್ಕೆ ಸ್ವಲ್ಪ ನಾಚಿಕೆಯಾದರೂ ಇತ್ತು. ಈಗ ಅದೂ ಹೋಯಿತು. ಪಾವಗಡದ ದಾರಿಯಲ್ಲಿ ಹಿಂತಿರುಗುವಾಗ ದೂರಿನ ವಾಕ್ಯಗಳನ್ನೆಲ್ಲ ಬಿಸಾಡಿ ಒಂದೇ ಪ್ರಶ್ನೆಯನ್ನು ಸಿದ್ಧಮಾಡಿಕೊಂಡೆ. ಊರಿನಲ್ಲಿ ಮಾಲೆ ಹಾಕಿದವರು ಇನ್ನೂ ಕೆಲವರಿದ್ದರು, ಒಮ್ಮೆ ಮೋಸಹೋದ ನನ್ನ ಕಣ್ಣು ಮತ್ತೆ ಮೋಸಹೋಗಬಹುದಿತ್ತು. ಆದ್ದರಿಂದ ವಿಡಿಯೋ ತೋರಿಸುವುದು ಬೇಡ. ಮಾಲೆಯಲ್ಲಿರುವವರು ಸುಳ್ಳು ಹೇಳುವಂತಿಲ್ಲ. ಅವನನ್ನೇ ಕೇಳುತ್ತೇನೆ, ಮಾಲೆ ಕೊರಳಲ್ಲಿರುವಾಗಲೇ, ಎಲ್ಲರೆದುರಿಗೆ.

ಅದು ಅವನ ಹದಿನೆಂಟನೆಯ ಯಾತ್ರೆ. ಹದಿನೆಂಟು ಸಲ ಹೋದವರು ಗುರುಸ್ವಾಮಿಗಳಾಗುತ್ತಾರೆ. ಆ ವರ್ಷ ಇರುಮುಡಿಯ ಜೊತೆಗೆ ಒಂದು ತೆಂಗಿನ ಸಸಿಯನ್ನು ಹೊತ್ತು ಶಬರಿಮಲೆಯಲ್ಲಿ ನೆಟ್ಟು ಬರುವುದು ಪದ್ಧತಿ. ಇರುಮುಡಿ ಕಟ್ಟುವ ಬೆಳಿಗ್ಗೆ ದೇವಸ್ಥಾನದ ಅಂಗಳದಲ್ಲಿ ನೆಂಟರು, ಊರಿನವರು ಸೇರಿದ್ದರು. ಒಬ್ಬೊಬ್ಬರೇ ಬಂದು ಚೀಲಕ್ಕೆ ಹಿಡಿ ಅಕ್ಕಿ ಹಾಕಿ ಕಾಲಿಗೆ ಬೀಳುತ್ತಿದ್ದರು. ಪಕ್ಕದಲ್ಲಿ ಅರಿಶಿನದ ಬಟ್ಟೆ ಸುತ್ತಿದ ಸಸಿ. ಮರ ಕೊಲ್ಲುವವನು ಮರ ನೆಡಲು ಹೊರಟಿದ್ದ. ನನ್ನ ಸರದಿ ಬಂದಾಗ ಅಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದು ನಿಂತೆ.

"ಸ್ವಾಮಿ, ಅಕ್ಕಿ ಹಾಕೋಕ್ ಮುಂಚೆ ಒಂದು ಮಾತು ಕೇಳ್ಬೇಕು."

"ಕೇಳಿ ಮಾತಾ," ಎಂದ ಅಣ್ಣ. ಮಾಲೆಯಲ್ಲಿ ತಂಗಿಯೂ ಮಾತೆಯೇ.

"ನನ್ ಹುಣಸೆಮರಕ್ಕೆ ತೂತು ಕೊರ್ದೋರು ಯಾರು?"

ಅಣ್ಣನ ಪಕ್ಕದಲ್ಲಿದ್ದ ಅತ್ತಿಗೆ ನನ್ನ ತೋಳು ಹಿಡಿದು ಎಳೆದಳು. "ಇದೇನೇ ಇದು, ಇರುಮುಡಿ ಹೊತ್ನಾಗೆ ಮರದ ಪಂಚಾಯ್ತಿ?"

ಇರುಮುಡಿ ಕಟ್ಟುತ್ತಿದ್ದ ಹಿರಿಯ ಗುರುಸ್ವಾಮಿ ತಲೆಯೆತ್ತಿದರು. "ಇರಮ್ಮ. ಕೇಳವ್ಳೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂದ್ಬುಡಿ ಸ್ವಾಮಿ, ಮುಂದಿನ ಕೆಲ್ಸ ನೋಡಾಣ."

ಅಣ್ಣ ಚೀಲದೊಳಗಿನ ಅಕ್ಕಿಯನ್ನು ನೋಡುತ್ತಾ ಕೂತ. ಶರಣು ಕೂಗುತ್ತಿದ್ದವರು ನಿಲ್ಲಿಸಿದರು. ಆ ಮೌನದ ಉದ್ದಕ್ಕೂ ನನಗಾದದ್ದು ಸಂತೋಷವೇ. ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ.

"ನಾನೇ," ಎಂದ.

"ಯಾಕೆ?"

"ಬದಿನ ಮ್ಯಾಲೆ ಲೇಔಟ್‌ನೋರ ರೋಡು ಬತ್ತೈತೆ. ಮರ ಇರೋಗಂಟ ನಿನ್ ಕಾಲು ನನ್ ಹೊಲದಾಗೇ ಇರ್ತದೆ."

ಹಿಂದಿನ ಸಾಲಿನಿಂದ ರೇಷ್ಮೆಯ ಯಜಮಾನರು ಟವೆಲ್ಲು ಕೊಡವಿ ಮುಂದೆ ಬಂದರು. "ಅದ್ಕೇನಮ್ಮಾ ಇಷ್ಟ್ ದಿನದಿಂದ ನನ್ ಮಕ ಕಂಡ್ರೆ ಹರಳೆಣ್ಣೆ ಕುಡ್ದೋಳಂಗೆ ಹೋಯ್ತಿದ್ದೆ? ನಾನು ನಮ್ ಹುಳಗಳಿಗೇನಾದ್ರೂ ಶಾಪ ಹಾಕ್ತಾಳಾ ಅಂತ ನಿದ್ದೆಗೆಟ್ಟಿದ್ದೆ ಕಣವ್ವ!"

ಜನ ಗೊಳ್ಳೆಂದು ನಕ್ಕರು. ನಾನು ಅವರ ಕಡೆ ತಿರುಗಿ ಕೈಮುಗಿದೆ. ಆದರೆ ಅಣ್ಣನನ್ನು ಮುರಿದದ್ದು ನನ್ನ ಪ್ರಶ್ನೆಯಲ್ಲ, ಆ ನಗು. ಅವನ ಕಿವಿ ಕೆಂಪಗಾಯಿತು. ಚಿಕ್ಕಂದಿನಲ್ಲಿ ಅವಮಾನವಾದಾಗಲೂ ಹಾಗೆಯೇ ಆಗುತ್ತಿತ್ತು, ಅಥವಾ ಅಂದು ನೋಡಿದ್ದನ್ನು ನಾನು ಚಿಕ್ಕಂದಿಗೆ ಅಂಟಿಸುತ್ತಿದ್ದೇನೆ.

"ಈಗ ಏನ್ ಬೇಕಮ್ಮ ನಿಂಗೆ?" ಎಂದರು ಗುರುಸ್ವಾಮಿ.

"ಆ ಸಸಿ."

"ಅದು ದೇವರದ್ದು ಕಣೇ!" ಎಂದು ಅತ್ತಿಗೆ ಕೂಗಿದಳು.

"ಸತ್ತ ಮರದ ಜಾಗದಾಗೆ ಅವ್ರ ಕೈಯಾರೆ ನೆಡ್ಲಿ, ನೀರು ಹಾಕ್ಲಿ. ಆ ಜಾಗದಾಗೆ ಏನ್ ಬೆಳದ್ರೂ ನಂದೇ ಅಂತ ಅಪ್ಪ ಹೇಳವ್ರೆ."

ಅಣ್ಣ ಮೊದಲ ಸಲ ನನ್ನ ಮುಖ ನೋಡಿದ. "ಅಪ್ಪ ಅಂದಿದ್ದು ಮರ ಇರೋಗಂಟ ಅಂತ." ಮಾತೆ ಎನ್ನುವುದನ್ನೂ ಮರೆತ. "ನಾನ್ ನಿಜ ಒಪ್ಕಂಡಿದೀನಿ. ಈಗ ನೀನ್ ಹೇಳು. ಅಪ್ಪ ಅಂಗಂದ್ರಾ?"

ಮರವನ್ನು ನನಗೆ ಕೊಟ್ಟ ದಿನ ಬುಡದಲ್ಲಿ ಮೂವರೇ ಇದ್ದೆವು, ಅಪ್ಪ, ಅಣ್ಣ, ನಾನು. ಅಪ್ಪ ತೊಗಟೆಗೆ ಅಂಗೈಯೊತ್ತಿ ಏನೋ ಹೇಳಿದ್ದು ಸತ್ಯ. ಒಮ್ಮೆ ಆ ಮಾತು ನನಗೆ ನಾನು ಹೇಳಿದಂತೆಯೇ ಕೇಳಿಸುತ್ತದೆ. ಇನ್ನೊಮ್ಮೆ, ಮನಸ್ಸು ತಣ್ಣಗಿದ್ದಾಗ, ಅಣ್ಣ ಹೇಳಿದಂತೆ ಕೇಳಿಸುತ್ತದೆ. ಎರಡೂ ಅಪ್ಪನ ದನಿಯಲ್ಲೇ ಇವೆ.

ಮಾಲೆ ಇದ್ದದ್ದು ಅವನ ಕೊರಳಲ್ಲಿ.

"ಅಂದ್ರು," ಎಂದೆ. ಮುಷ್ಟಿಯ ಅಕ್ಕಿಯನ್ನು ಚೀಲಕ್ಕೆ ಹಾಕಿದೆ.

ಗುರುಸ್ವಾಮಿ ಬಹಳ ಹೊತ್ತು ಯೋಚಿಸಿ, ಸಸಿಯನ್ನು ಇಲ್ಲೇ ನೆಟ್ಟು ಹೋಗಲಿ, ಮುಂದಿನ ವರ್ಷ ಬೇರೆ ಸಸಿ ಹೊರಲಿ ಎಂದರು. ಅಂದರೆ ಹದಿನೆಂಟು ಆ ವರ್ಷ ಪೂರ್ತಿಯಾಗಲಿಲ್ಲ. ಅಣ್ಣ ಬರಿಗಾಲಿನಲ್ಲಿ ಹೊಲಕ್ಕೆ ನಡೆದ, ಹಿಂದೆ ಅರ್ಧ ಊರು. ಒಣಗಿದ ಬುಡದ ಪಕ್ಕ ಅವನೇ ಗುಂಡಿ ತೆಗೆದು ನೆಟ್ಟ. ರೋಡು ಇನ್ನೂ ಬಂದಿಲ್ಲ. ಉಳಿದ ಹುಣಸೆಯಲ್ಲಿ ಒಂದು ಮಗ್ಗುಲು ಒಣಗಿದೆ, ಇನ್ನೊಂದು ಮಗ್ಗುಲಿನ ಕಾಯಿಯನ್ನು ಈ ಶಿವರಾತ್ರಿಗೆ ಬಡಿಸಿದೆ.

ಆಮೇಲೆ ಮೈದುನ ಬಂದು ಬದುವಿನ ಮೇಲೆ ಕಂಬ ನೆಟ್ಟು ಎಲ್ಲರಿಗೂ ಕಾಣುವಂತೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಕೂರಿಸಿಕೊಟ್ಟ. ಅಣ್ಣ ಸಸಿಗೆ ನೀರು ಹಾಕುವುದನ್ನು ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ನೋಡುತ್ತೇನೆ. ದಿನಾ ನೋಡಬೇಕಾದ ಅಗತ್ಯವಿಲ್ಲ. ದಿನಾ ನೋಡುತ್ತೇನೆ.

ಹೋದ ವಾರ ಅವನೇ ಫೋನು ಮಾಡಿದ.

"ನೀರು ಬುಟ್ಟಿದೀನಿ. ನೋಡ್ದಾ?"

"ನೋಡ್ದೆ."

"ಊರೋರು ನಗ್ತಾವ್ರೆ ಕಣಮ್ಮ. ಆ ಕ್ಯಾಮೆರಾ ತೆಗ್ಸಿಬುಡು. ನಾನೇನ್ ಕಳ್ಳನಾ?"

ಅವನ ಕಡೆಯಿಂದ ನೀರು ಹರಿಯುವ ಸದ್ದು ಕೇಳುತ್ತಿತ್ತು.

"ತೆಗೆಸ್ತೀನಿ ಅಣ್ಣಾ," ಎಂದೆ. "ತೆಂಗು ಮೊದಲ್ನೇ ಕಾಯಿ ಬಿಡ್ಲಿ."